ಗಾಜು ಹಿಡಿದವರು ಮಾತಾಡಬೇಕು

ಜೂನ್ ೮

ಮರಿ,

ಮನೆ ಮುಟ್ಟಿದೆ. ನಿಮ್ಮ ಇಲಾಖೆಯವರೇ ಮೊದಲನೇ ದರ್ಜೆಯ ಟಿಕೆಟ್ ಮಾಡಿಸಿದ್ದರಿಂದ ಬೆನ್ನುನೋವಿಲ್ಲದೆ ಬಂದೆ. ಮಗನನ್ನು ಸಮುದ್ರದಲ್ಲಿ ಬಿಟ್ಟು ಅಮ್ಮನನ್ನು ಮೆತ್ತನೆಯ ಸೀಟಿನಲ್ಲಿ ವಾಪಸು ಕಳಿಸಿದರು. ಅದಕ್ಕೊಂದು ಧನ್ಯವಾದ ಹೇಳಬೇಕಿತ್ತೇನೋ, ನನಗೆ ಬಾಯಿ ಬರಲಿಲ್ಲ.

ಬಂದ ಮಾರನೆಯ ದಿನವೇ ಅಂಗಡಿ ತೆರೆದೆ. ಪಕ್ಕದ ಬೇಕರಿಯವನು ಬಂದು, "ಇಷ್ಟು ಬೇಗ ಯಾಕಮ್ಮಾ? ಇನ್ನೊಂದು ವಾರ ಬಿಟ್ಟು ತೆಗೀಬಹುದಿತ್ತಲ್ಲ," ಎಂದ. ಮನೆಯಲ್ಲಿ ಕೂತು ಗೋಡೆ ನೋಡುವುದಕ್ಕಿಂತ ಕಂಡವರ ಮದುವೆ ಫೋಟೋಗಳಿಗೆ ಕಟ್ಟು ಹಾಕುವುದು ವಾಸಿ. ನಿನ್ನೆ ಎರಡು ಗಾಜು ಒಡೆದೆ. ಒಂದು ಕೈಜಾರಿ, ಇನ್ನೊಂದು ಸಿಟ್ಟಿಗೆ.

ಅಲ್ಲ ಮರಿ, ಒಂದು ಖಾಲಿ ಪೆಟ್ಟಿಗೆಗೆ ಅಷ್ಟು ಜನ ನಿಂತು ಸೆಲ್ಯೂಟ್ ಹೊಡೆದರಲ್ಲ, ಅವರಲ್ಲಿ ಒಬ್ಬರಿಗಾದರೂ ಏನಾಯಿತು ಎಂದು ಹೇಳಲು ಬರಲಿಲ್ಲವೇ? ನಿಮ್ಮ ನಿರ್ದೇಶಕರು ನನ್ನ ಹೆಗಲ ಮೇಲೆ ಕೈಯಿಟ್ಟು, "ಸಮುದ್ರ ಏನು ಹೇಳುತ್ತೋ ಕಾಯೋಣ ತಾಯಿ," ಎಂದರು. ಸಮುದ್ರ ಏನು ಅವರ ಆಫೀಸಿನ ಗುಮಾಸ್ತನೇ, ಕರೆದಾಗ ಬಂದು ವರದಿ ಒಪ್ಪಿಸಲು? ನಾನು ಕೇಳಿದ್ದು ಒಂದೇ ಮಾತು. "ನನ್ನ ಮಗ ಕೊನೇಲಿ ಏನಂದ?" ಅದಕ್ಕವರು, "ವಿಶೇಷವಾಗಿ ಏನೂ ಹೇಳಲಿಲ್ಲ ತಾಯಿ. ಮೌನವಾಗಿದ್ದರು," ಎಂದರು.

ಆಗಿನಿಂದ ನನ್ನ ತಲೆ ಕೆಟ್ಟು ಕೂತಿದೆ. ಯಾರು ಮೌನವಾಗಿದ್ದದ್ದು? ನಿನ್ನಣ್ಣನೇ, ನಮ್ಮ ಗಿಳಿಯೇ?

ನಿನಗೆ ಗೊತ್ತಿಲ್ಲದ್ದಲ್ಲ, ಆದರೂ ಬರೆಯುತ್ತೇನೆ, ಯಾಕೆಂದರೆ ನೀನು ಮರೆತ ಹಾಗೆ ಕಾಣುತ್ತದೆ. ನಿಮ್ಮಪ್ಪನಿಗೆ ಕಣ್ಣಿರಲಿಲ್ಲ. ಈ ಇಕ್ಕಟ್ಟಿನ ಅಂಗಡಿಯಲ್ಲಿ ಒಂದು ಕಡೆ ನಾನು ಗಾಜು ಕೊಯ್ಯುತ್ತಿದ್ದೆ, ಇನ್ನೊಂದು ಕಡೆ ಅವರು ಕೂತು ಕಟ್ಟುಗಳ ಹಿಂದೆ ಕೊಕ್ಕೆ ಹೊಡೆದು ದಾರ ಕಟ್ಟುತ್ತಿದ್ದರು. ನಡುವೆ ನೀವಿಬ್ಬರು ಓಡಾಡುತ್ತಿದ್ದಿರಿ. ಅದಕ್ಕೇ ಅಪ್ಪ ಕಟ್ಟಳೆ ಮಾಡಿದ್ದು: ಕೈಯಲ್ಲಿ ಗಾಜಿದ್ದರೆ ಬಾಯಿ ಮುಚ್ಚಕೂಡದು. "ಅಪ್ಪಾ, ನಿನ್ನ ಎಡಗಡೆಯಿಂದ ಬರ್ತಿದ್ದೀನಿ, ಈಗ ಬಗ್ತಿದ್ದೀನಿ, ಈಗ ಕೆಳಗಿಡ್ತಿದ್ದೀನಿ." ನೀನು ಬೇಕಾದಷ್ಟೇ ಹೇಳುತ್ತಿದ್ದೆ. ಅವನು ಗಾಜಿಲ್ಲದಾಗಲೂ ಹೇಳುತ್ತಿದ್ದ. ಹಲ್ಲುಜ್ಜುವಾಗ ಹೇಳುತ್ತಿದ್ದ, ನಿದ್ದೆಯಲ್ಲೂ ಹೇಳುತ್ತಿದ್ದ. ನಮ್ಮ ಮನೆಯ ಒಂದು ಫೋಟೋದಲ್ಲೂ ಅವನ ಬಾಯಿ ಮುಚ್ಚಿಲ್ಲ. ಎಲ್ಲದರಲ್ಲೂ ತುಟಿ ಮಸುಕು ಮಸುಕು.

ಆ ಬಾಯಿಯೇ ಅವನಿಗೆ ಅನ್ನ ಕೊಟ್ಟಿತು ಎಂದು ನೀನೇ ಬರೆದಿದ್ದೆ. ಹೊಸ ವಿಮಾನವನ್ನು ಮೊದಲು ಹಾರಿಸಿ ನೋಡುವವನು ಕೈಗೆ, ಕಿವಿಗೆ, ಬೆನ್ನಿಗೆ ಬಂದದ್ದನ್ನೆಲ್ಲ ಆಗಿಂದಾಗಲೇ ಹೇಳಬೇಕು, ಅಣ್ಣನಷ್ಟು ಚೆನ್ನಾಗಿ ಯಾರೂ ಹೇಳುವುದಿಲ್ಲ, ಇಲ್ಲಿ ಅವನಿಗೆ 'ಕಾಮೆಂಟ್ರಿ' ಎಂದೇ ಹೆಸರು ಎಂದು. ಈಗ ಅವನು ಮೌನವಾಗಿದ್ದ ಎಂದರೆ ನಾನು ನಂಬಬೇಕೇ?

ನೀನು ಕೆಳಗೆ ಕಂಟ್ರೋಲ್ ರೂಮಿನಲ್ಲಿ ಕೂತು ವಿಮಾನದ ಅಳತೆಗಳನ್ನು ತೋರಿಸುವ ಸೂಜಿಗಳನ್ನು ನೋಡುವವಳು. ಅವನು ಬಿದ್ದ ದಿನವೂ ಇದ್ದೆ. ಅವರು ಸೆಲ್ಯೂಟ್ ಹೊಡೆಯುವಾಗ ಅಷ್ಟು ಹೊತ್ತು ನನ್ನ ಕೈ ಹಿಡಿದುಕೊಂಡು ಪಕ್ಕದಲ್ಲೇ ಕೂತಿದ್ದೆಯಲ್ಲ, ಒಂದು ಮಾತು ಯಾಕೆ ಆಡಲಿಲ್ಲ? ಬರೆ.

ನಿನ್ನ,
ಅಮ್ಮ


ಜೂನ್ ೨೦

ಅಮ್ಮ,

ನಿನ್ನ ಕಾಗದ ಬಂತು. ನಾನು ಚೆನ್ನಾಗಿದ್ದೇನೆ. ತನಿಖೆ ನಡೆಯುತ್ತಿದೆ. ಅದು ಮುಗಿಯುವವರೆಗೆ ಇಲ್ಲಿನ ಯಾವ ವಿಷಯವನ್ನೂ ಹೊರಗೆ ಮಾತಾಡುವ ಹಾಗಿಲ್ಲ ಎಂದು ಬರೆದುಕೊಟ್ಟಿದ್ದೇವೆ. ವಿಮಾನದ ಒಳಗಿನ ದಾಖಲೆಯ ಪೆಟ್ಟಿಗೆ ಸಿಕ್ಕಿಲ್ಲ. ಆ ಜಾಗದಲ್ಲಿ ಸಮುದ್ರ ತುಂಬಾ ಆಳ. ಹುಡುಕುವುದನ್ನು ನಿಲ್ಲಿಸಿದ್ದಾರೆ.

ರಕ್ತದೊತ್ತಡದ ಮಾತ್ರೆ ತಪ್ಪಿಸಬೇಡ. ಗಾಜಿನ ಕೆಲಸಕ್ಕೆ ಯಾರನ್ನಾದರೂ ಇಟ್ಟುಕೋ.

ಕಾಗದ ಬರೆಯುವಾಗ ನೋಡಿಕೊಂಡು ಬರೆ. ಕ್ಯಾಂಪಸ್ಸಿನ ಒಳಗೆ ಬರುವ, ಹೊರಗೆ ಹೋಗುವ ಕಾಗದಗಳನ್ನೆಲ್ಲ ನಾವಿಬ್ಬರೇ ಓದುವುದಿಲ್ಲ.

ಮರಿ


ಜೂನ್ ೨೭

ಮರಿ,

ಮೊದಲು ನಿನ್ನ ಕಾಗದ ಒಡೆದು ಓದುವ ಮಹಾಶಯರಿಗೆ: ಸ್ವಾಮಿ, ಓದಿದ ಮೇಲೆ ಅಂಟು ಸರಿಯಾಗಿ ಹಚ್ಚಿ. ಹೋದ ಸಲದ ಲಕೋಟೆ ಮೂಲೆಯಲ್ಲಿ ಬಾಯಿಬಿಟ್ಟುಕೊಂಡು ಬಂದಿತ್ತು. ಅಂಟು ಹಚ್ಚುವುದು ನನ್ನ ಕಸುಬು, ಬೇಕಿದ್ದರೆ ಬಂದು ಕಲಿಯಿರಿ. ಇನ್ನು ಮುಂದಿನದನ್ನೂ ನೀವು ಓದುವುದು ಒಳ್ಳೆಯದೇ.

ಈಗ ನಿನಗೆ. ಹೆತ್ತ ಮಗನನ್ನು ಕಳೆದುಕೊಂಡವಳಿಗೆ ಬರೆಯುವ ಕಾಗದವೇ ಅದು? ಮಾತ್ರೆ ತಗೋ ಎನ್ನಲು ಡಾಕ್ಟರಿದ್ದಾನೆ. ಸಮುದ್ರ ಆಳ ಎನ್ನಲು ಪೇಪರಿದೆ. ನನಗೆ ನನ್ನ ಮಗಳು ಬೇಕು. ಆಫೀಸಿನ ಮೊಹರು ಬಿದ್ದವಳು ಬೇಡ.

ನಿರ್ದೇಶಕರು ಗಿಳಿಯ ದೊಡ್ಡ ಫೋಟೋ ಕಳಿಸಿದ್ದಾರೆ. ಸಮವಸ್ತ್ರ, ಪದಕ, ಬಾಯಿ ಬಿಗಿಯಾಗಿ ಮುಚ್ಚಿದೆ. ಯಾರೋ "ಒಂದು ನಿಮಿಷ ಸುಮ್ಮನಿರಪ್ಪಾ" ಎಂದು ಗದರಿಸಿ ತೆಗೆದದ್ದು. ಅಂಗಡಿಗೆ ಬಂದವರು, "ಎಷ್ಟು ಲಕ್ಷಣವಾಗಿದ್ದಾರೆ, ಕಟ್ಟು ಹಾಕ್ಸಲ್ವಾ ಅಮ್ಮಾ?" ಎನ್ನುತ್ತಾರೆ. ಊರಿಗೆಲ್ಲ ಕಟ್ಟು ಹಾಕಿಕೊಟ್ಟವಳು ನಾನು. ಇದಕ್ಕೆ ಹಾಕಲು ಕೈ ಬರುತ್ತಿಲ್ಲ. ಅವನು ನನ್ನ ಮಗ ಎಂದು ನನಗೇ ಗುರುತು ಸಿಗುವುದಿಲ್ಲ.

ಒಂದು ಹೇಳುತ್ತೇನೆ, ಸಿಟ್ಟು ಬಂದರೆ ಬರಲಿ. ನಿನ್ನ ಕೈಯಲ್ಲಿ ಏನೋ ಇದೆ. ನಿನ್ನ ಕಾಗದದ ಒಂದೊಂದು ಸಾಲೂ ಅದನ್ನು ಒಡೆಯದ ಹಾಗೆ ತುದಿಗಾಲಲ್ಲಿ ನಡೆಯುತ್ತಿದೆ. ಗಾಜು ಹಿಡಿದುಕೊಂಡು ಸದ್ದಿಲ್ಲದೆ ನಡೆಯುವುದನ್ನು ಕಲಿತುಬಿಟ್ಟೆಯಲ್ಲ ಮರಿ. ನಿಮ್ಮಪ್ಪ ಇದ್ದಿದ್ದರೆ ಏನನ್ನುತ್ತಿದ್ದರು?

ಅಮ್ಮ


ಆಗಸ್ಟ್ ೩

ಮಾನ್ಯರೇ,

ತಮ್ಮ ವೀರಪುತ್ರರ ಅಕಾಲಿಕ ನಿಧನದ ಕುರಿತು ನಡೆಯುತ್ತಿರುವ ತನಿಖೆಯು ಅಂತಿಮ ಘಟ್ಟಕ್ಕೆ ಬಂದಿರುವುದನ್ನು ತಮ್ಮ ಗಮನಕ್ಕೆ ತರಬಯಸುತ್ತೇವೆ. ಮೃತರ ತಾಯಿಯಾದ ತಮಗೆ ಮುಂಚಿತವಾಗಿ ತಿಳಿಸುವುದು ನಮ್ಮ ಕರ್ತವ್ಯವೆಂದು ಭಾವಿಸಿ, ಕರಡು ವರದಿಯ ಸಂಬಂಧಪಟ್ಟ ಭಾಗವನ್ನು ಇಲ್ಲಿ ಉಲ್ಲೇಖಿಸಲಾಗಿದೆ:

"ಅಪಘಾತದ ಕಾರಣ ಖಚಿತವಾಗಿ ತಿಳಿದುಬಂದಿಲ್ಲ. ಆದರೆ ಹಾರಾಟದ ಕೊನೆಯ ಹಂತದಲ್ಲಿ ಚಾಲಕರಿಂದ ಯಾವುದೇ ಸೂಚನೆ ಬಂದಿರುವುದಿಲ್ಲವಾದ್ದರಿಂದ, ವಿಮಾನದ ಸ್ಥಿತಿಯಲ್ಲಿ ಆದ ವ್ಯತ್ಯಾಸವನ್ನು ಅವರು ಗ್ರಹಿಸಿರಲಿಲ್ಲವೆಂದು ಭಾವಿಸಬಹುದಾಗಿದೆ."

ಇದರಿಂದ ಅವರ ಗೌರವಕ್ಕೆ ಯಾವುದೇ ಕುಂದುಂಟಾಗುವುದಿಲ್ಲ. ನಮ್ಮ ಸ್ಮಾರಕ ಕೊಠಡಿಯಲ್ಲಿ ಅವರ ಭಾವಚಿತ್ರವನ್ನು ಇರಿಸಲು ತೀರ್ಮಾನಿಸಲಾಗಿದೆ. ತಾವು ಚೌಕಟ್ಟಿನ ವೃತ್ತಿಯಲ್ಲಿರುವುದರಿಂದ, ಹಿಂದೆ ಕಳುಹಿಸಿದ ಭಾವಚಿತ್ರಕ್ಕೆ ತಮ್ಮ ಕೈಯಿಂದಲೇ ಚೌಕಟ್ಟು ಹಾಕಿ ಕಳುಹಿಸಿದಲ್ಲಿ ನಮಗೆ ಹೆಮ್ಮೆಯೆನಿಸುವುದು. ಅದರ ಕೆಳಗೆ 'ಮೌನ ವೀರ' ಎಂಬ ಬರಹವಿರುತ್ತದೆ.

ತಮ್ಮ ದುಃಖದಲ್ಲಿ ಸಹಭಾಗಿ,
ನಿರ್ದೇಶಕರು


ಆಗಸ್ಟ್ ೮

ನಿರ್ದೇಶಕರೇ,

ನಿಮ್ಮ ಕಾಗದವನ್ನು ಮೂರು ಸಲ ಓದಿದೆ. ಮೊದಲ ಸಲ ಅರ್ಥವಾಗಲಿಲ್ಲ. ಎರಡನೇ ಸಲ ಅರ್ಥವಾಗಿ ಮೈ ಉರಿಯಿತು. ಮೂರನೇ ಸಲ ಬೇಕರಿಯವನಿಗೆ ಓದಿ ಹೇಳಿದೆ, ನನಗೊಬ್ಬಳಿಗೇ ಹೀಗನ್ನಿಸುತ್ತಿದೆಯೋ ಹೇಗೆ ಎಂದು. ಅವನು ಬ್ರೆಡ್ಡು ಕೊಯ್ಯುವುದನ್ನು ನಿಲ್ಲಿಸಿ, "ಅಂದ್ರೆ ಹುಡುಗನ ಮೇಲೇ ಹಾಕ್ತಿದ್ದಾರಲ್ಲಮ್ಮಾ," ಎಂದ.

ಗ್ರಹಿಸಿರಲಿಲ್ಲವೆಂದು ಭಾವಿಸಬಹುದಾಗಿದೆ! ಸ್ವಾಮಿ, ಕುರ್ಚಿಯಲ್ಲಿ ಕೂತು ನೀವು ಏನು ಬೇಕಾದರೂ ಭಾವಿಸಬಹುದು. ಪಕ್ಕದ ಕೋಣೆಯಲ್ಲಿ ಅಪ್ಪನ ಕೈಯಿಂದ ಒಂದು ಮೊಳೆ ಬಿದ್ದರೆ ಯಾವ ಅಳತೆಯ ಮೊಳೆ ಎಂದು ಹೇಳುತ್ತಿದ್ದ ನನ್ನ ಮಗ. ಅವನಿಗೆ ತಾನು ಕೂತ ವಿಮಾನ ಬೀಳುತ್ತಿರುವುದು ಗೊತ್ತಾಗಲಿಲ್ಲವೇ? ಗೊತ್ತಾಗಿದ್ದರೆ ಅವನು ಹೇಳುತ್ತಿದ್ದ. ಹೇಳಲಿಲ್ಲ ಎಂದರೆ ಅದಕ್ಕೆ ಬೇರೆ ಕಾರಣವಿದೆ. ಆ ಕಾರಣ ಹುಡುಕಿ. ಆಮೇಲೆ ನನಗೆ ಬರೆಯಿರಿ.

ಕುಂದುಂಟಾಗುವುದಿಲ್ಲವಂತೆ. ಕೆನ್ನೆಗೆ ಹೊಡೆದು ಕೆಂಪಾಗಿಲ್ಲ ಬಿಡಿ ಎಂದ ಹಾಗಾಯಿತು.

'ಮೌನ ವೀರ' ಎಂದು ಬರೆಸುವ ಫೋಟೋಕ್ಕೆ ನನ್ನ ಅಂಗಡಿಯಲ್ಲಿ ಕಟ್ಟು ಇಲ್ಲ. ನಾನು ಬೇರೊಂದು ಫೋಟೋ ಕಳಿಸುತ್ತಿದ್ದೇನೆ. ಅದನ್ನು ಹಾಕುವ ಧೈರ್ಯವಿದ್ದರೆ ಹಾಕಿ. ಇದರಲ್ಲಿ ಅವನ ಬಾಯಿ ತೆರೆದಿದೆ. ನನ್ನ ಮಗ ಇದ್ದದ್ದೇ ಹಾಗೆ.

ಇತಿ,
ಅವನ ತಾಯಿ


ಆಗಸ್ಟ್ ೮

ಮರಿ,

ನಿನ್ನ ನಿರ್ದೇಶಕರು ಬರೆದಿದ್ದಾರೆ. ಒಂದು ಅಕ್ಷರ ಹೆಚ್ಚು ಕಡಿಮೆ ಮಾಡದೆ ಇಲ್ಲಿ ನಕಲು ಮಾಡುತ್ತೇನೆ: "ವಿಮಾನದ ಸ್ಥಿತಿಯಲ್ಲಿ ಆದ ವ್ಯತ್ಯಾಸವನ್ನು ಅವರು ಗ್ರಹಿಸಿರಲಿಲ್ಲವೆಂದು ಭಾವಿಸಬಹುದಾಗಿದೆ." ಇದೇ ಕೊನೆಗೆ ಅಚ್ಚಾಗುವುದಂತೆ. ನಾಳೆ ಹೊಸದಾಗಿ ಸೇರುವ ಪೈಲಟ್‌ಗಳಿಗೆ ಪಾಠದಲ್ಲಿ ಓದಿ ಹೇಳುತ್ತಾರೆ, ಒಬ್ಬನಿದ್ದ, ಅವನಿಗೆ ಗೊತ್ತಾಗಲಿಲ್ಲ ಎಂದು.

ನಾನು ಇನ್ನು ನಿನ್ನನ್ನು ಏನೂ ಕೇಳುವುದಿಲ್ಲ. ಕೇಳಿ ಸಾಕಾಯಿತು.

ಅಮ್ಮ


ಆಗಸ್ಟ್ ೧೯

ಅಮ್ಮ,

ಈ ಕಾಗದವನ್ನು ಕ್ಯಾಂಪಸ್ಸಿನ ಡಬ್ಬಿಗೆ ಹಾಕದೆ ಪೇಟೆಗೆ ಬಸ್ಸಿನಲ್ಲಿ ಹೋಗಿ ಹಾಕುತ್ತಿದ್ದೇನೆ. ಆದ್ದರಿಂದ ಮನಸ್ಸು ಬಿಚ್ಚಿ ಬೈಯುತ್ತೇನೆ, ಮೊದಲು ನಿನ್ನನ್ನೇ.

ನಿನಗೆ ಅಂಗಡಿ ಇದೆ, ಬೇಕರಿಯವನಿದ್ದಾನೆ, ಒಡೆಯಲು ಗಾಜಿದೆ. ನನಗೇನಿದೆ? ಅಣ್ಣ ಕೂತು ಟೀ ಕುಡಿಯುತ್ತಿದ್ದ ಕ್ಯಾಂಟೀನಿನಲ್ಲೇ ನಾನು ದಿನಾ ಟೀ ಕುಡಿಯಬೇಕು. ಅವನು ಬೀಗ ಹಾಕದೆ ಹೋದ ಲಾಕರ್ ಮುಂದೆ ದಿನಾ ನಡೆಯಬೇಕು. ಅವನ ಹೆಸರೆತ್ತಿದರೆ ಮಾತು ನಿಲ್ಲಿಸುವವರ ಜೊತೆ ದಿನಾ ಕೆಲಸ ಮಾಡಬೇಕು. ನೀನು ಮಗನನ್ನು ಕಳೆದುಕೊಂಡೆ, ನಿಜ. ನಾನು ಅವನು ಹೋದದ್ದನ್ನು ಸೂಜಿಗಳಲ್ಲಿ ನೋಡಿದೆ. ಎಲ್ಲ ಸೂಜಿಗಳೂ ಒಟ್ಟಿಗೆ ಸೊನ್ನೆಗೆ ಬಂದು ಕೂತವು. ಯಂತ್ರ ಕೆಟ್ಟಿತೆಂದು ನಾನು ಅದರ ನೆತ್ತಿಗೆ ಎರಡೇಟು ಹಾಕಿದೆ, ಅಮ್ಮ. ಆಮೇಲೆ ನೀನು ನನ್ನನ್ನು ಆಫೀಸಿನ ಮೊಹರು ಎಂದೆ.

ನಾನು ಯಾಕೆ ಬಾಯಿ ಮುಚ್ಚಿಕೊಂಡಿದ್ದೆ ಗೊತ್ತೇ? ಅವನಿಗೋಸ್ಕರ. ಅಪಘಾತವಾದ ವಾರದಲ್ಲೇ ನಿರ್ದೇಶಕರು ನನ್ನನ್ನು ಕರೆಸಿದರು. ಬಾಗಿಲು ಹಾಕಿಸಿದರು, ನೀರು ಕೊಟ್ಟರು. "ನೋಡಮ್ಮಾ, ಆ ದಿನ ಬೆಳಗ್ಗೆ ನಿನ್ನ ಅಣ್ಣನೂ ನಾನೂ ಕೆಲವು ಮಾತಾಡಿದ್ವಿ, ನಿನಗೂ ಹೇಳಿರ್ತಾನೆ. ಅದನ್ನೆಲ್ಲ ತನಿಖೆಗೆ ಎಳೆದು ತಂದ್ರೆ ನಿನ್ನ ಅಣ್ಣನ ಸ್ವಭಾವ, ಅಭ್ಯಾಸ ಎಲ್ಲಾ ಮೇಜಿನ ಮೇಲೆ ಬರುತ್ತೆ. ತರದೇ ಇದ್ರೆ ವರದೀಲಿ 'ಕಾರಣ ತಿಳಿದಿಲ್ಲ' ಅಂತ ಒಂದೇ ಸಾಲು. ಅವನ ಮೇಲೆ ಒಂದು ಚುಕ್ಕೆ ಬೀಳಲ್ಲ. ನನ್ನ ಮಾತು ನಂಬು," ಎಂದರು.

ನಾನು ನಂಬಿದೆ. ಅವನ ಮೇಲೆ ಚುಕ್ಕೆ ಬೀಳಬಾರದು ಎಂದು ನಿನ್ನ ಬೈಗುಳವನ್ನೆಲ್ಲ ನುಂಗಿಕೊಂಡೆ. ಕರಡು ವರದಿಯನ್ನು ನಮಗ್ಯಾರಿಗೂ ತೋರಿಸಿಲ್ಲ. ನೀನು ನಕಲು ಮಾಡಿ ಕಳಿಸಿದ ಸಾಲನ್ನು ನಾನು ಲೇಡೀಸ್ ರೂಮಿನಲ್ಲಿ ನಿಂತುಕೊಂಡು ಓದಿದೆ. ಕಾಗದ ಕೈಜಾರಿ ವಾಶ್‌ಬೇಸಿನ್ನಿಗೆ ಬಿತ್ತು. ಮಾತು ಕೊಟ್ಟ ಬಾಯಿಂದಲೇ ಅವನು ದಡ್ಡ ಎಂದು ಬರೆಸಿದ್ದಾರೆ. ಅದೂ ಎಷ್ಟು ನಾಜೂಕಾಗಿ! ನನ್ನ ಬಾಯಿ ಮುಚ್ಚಿಸಿ, ಅವನ ಬಾಯಿ ಮುಚ್ಚಿತ್ತು ಎಂದು ಅವನ ಮೇಲೇ ತಪ್ಪು ಹೊರಿಸಿದ್ದಾರೆ.

ಮುಂದಿನ ವಾರ ತನಿಖಾ ಮಂಡಳಿಯ ಕೊನೆಯ ಬೈಠಕ್ಕು. ನನ್ನನ್ನು ಕರೆದಿರುವುದು ಸೂಜಿಗಳ ಲೆಕ್ಕ ಸರಿಯಿದೆ ಎಂದು ಒಪ್ಪಿಕೊಳ್ಳಲು ಮಾತ್ರ. ನಾನು ಅಷ್ಟಕ್ಕೇ ನಿಲ್ಲಿಸುವುದಿಲ್ಲ. ಏನು ಹೇಳುತ್ತೇನೆ ಎಂಬುದನ್ನು ನಿನಗೂ ಈಗ ಬರೆಯುವುದಿಲ್ಲ. ಮೊದಲು ಅಲ್ಲಿ ಹೇಳಬೇಕು. ಕೆಲಸ ಹೋದರೆ ಅಂಗಡಿಯಲ್ಲಿ ಕೊಕ್ಕೆ ಹೊಡೆಯಲು ಜಾಗ ಇದೆಯಲ್ಲ?

ಇನ್ನೂ ನಿನ್ನ ಮೇಲೆ ಸಿಟ್ಟಿದೆ.

ಮರಿ


ಸೆಪ್ಟೆಂಬರ್ ೨

ಅಮ್ಮ,

ಹೇಳಿದೆ. ಹೇಗೆ ಹೇಳಿದೆನೋ ಹಾಗೇ ಬರೆಯುತ್ತೇನೆ.

ಉದ್ದನೆಯ ಕೋಣೆ, ಹಸಿರು ಬಟ್ಟೆ ಹಾಸಿದ ಮೇಜು. ಆ ಕಡೆ ಮಂಡಳಿಯ ಮೂವರು. ನಡುವೆ ಕೂತ ಅಧ್ಯಕ್ಷರು ನಿವೃತ್ತರು, ನಮ್ಮವರಲ್ಲ, ಹೊರಗಿನಿಂದ ಬಂದವರು. ಗೋಡೆಯ ಪಕ್ಕ ನಿರ್ದೇಶಕರು. ನನ್ನ ಕೈಗೆ ಸೂಜಿಗಳ ಲೆಕ್ಕದ ಹಾಳೆ ಕೊಟ್ಟು, "ಇದು ಸರಿಯಿದೆಯೇ?" ಎಂದು ಕೇಳಿದರು. ಸರಿಯಿದೆ ಎಂದೆ. "ಹಾಗಾದರೆ ನೀವು ಹೋಗಬಹುದು," ಎಂದರು. ಮಾತು ಎಲ್ಲಿಂದ ಶುರುಮಾಡುವುದೋ ತಿಳಿಯಲಿಲ್ಲ. ಆಗ ಅಣ್ಣ ಮಾಡುತ್ತಿದ್ದ ಹಾಗೇ ಮಾಡಿದೆ.

"ನಾನೀಗ ಕುರ್ಚಿ ಹಿಂದಕ್ಕೆ ಸರಿಸ್ತಿದ್ದೀನಿ," ಎಂದೆ. "ಈಗ ಎದ್ದು ನಿಲ್ತಿದ್ದೀನಿ. ಈಗ ಹೋಗೋದಿಲ್ಲ ಅಂತ ಹೇಳ್ತಿದ್ದೀನಿ."

ಅಧ್ಯಕ್ಷರು ಕನ್ನಡಕ ತೆಗೆದರು. "ಏನಮ್ಮಾ ಇದು?"

"ನಮ್ಮ ಮನೆ ಪದ್ಧತಿ ಸಾರ್. ಕೈಯಲ್ಲಿ ಒಡೆಯೋ ವಸ್ತು ಇದ್ದಾಗ ಮಾತಾಡ್ಕೊಂಡೇ ನಡೀತೀವಿ. ನಮ್ಮಣ್ಣ ವಿಮಾನದಲ್ಲೂ ಹಂಗೇ ಮಾಡ್ತಿದ್ದ. ಆ ದಿನ ಅವನು ಯಾಕೆ ಮಾತಾಡಲಿಲ್ಲ ಅಂತ ನನಗೆ ಗೊತ್ತು. ಅವನಿಗೆ ಮಾತಾಡಬೇಡ ಅಂದಿದ್ರು."

ನಿರ್ದೇಶಕರು ಎದ್ದು, "ಇದು ವಿಷಯಕ್ಕೆ ಸಂಬಂಧಪಟ್ಟಿಲ್ಲ," ಎಂದರು. ಅಧ್ಯಕ್ಷರು ಅವರನ್ನು ಕೈಸನ್ನೆ ಮಾಡಿ ಕೂರಿಸಿದರು.

ಅಮ್ಮ, ನಿನಗೆ ಬರೆಯದೆ ಇಟ್ಟುಕೊಂಡಿದ್ದು ಇದೇ. ಅಪಘಾತಕ್ಕೆ ಹಿಂದಿನ ಹಾರಾಟದ ದಿನ, ಈ ವಿಮಾನ ಕೊಳ್ಳುವುದೋ ಬೇಡವೋ ಎಂದು ತೀರ್ಮಾನಿಸುವ ಅತಿಥಿಗಳು ಕಂಟ್ರೋಲ್ ರೂಮಿಗೆ ಬಂದಿದ್ದರು. ಗೋಡೆಯ ಸ್ಪೀಕರಿನಲ್ಲಿ ಅಣ್ಣನ ಮಾತು ಬರುತ್ತಿತ್ತು. "ಬಲಗಡೆ ಏನೋ ಕೊರ ಕೊರ ಅಂತಿದೆ. ಈಗ ನಿಂತಿತು. ಮತ್ತೆ ಶುರುವಾಯ್ತು. ಹಲ್ಲಿಗೆ ಬರ್ತಿದೆ ನಡುಕ, ಕೈಗೆ ಬರ್ತಿಲ್ಲ." ಅತಿಥಿಗಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಇಳಿದ ಮೇಲೆ ಬಿಚ್ಚಿ ನೋಡಿದರೆ ಏನೂ ಸಿಗಲಿಲ್ಲ. ನಿರ್ದೇಶಕರ ಮುಖ ಮಾತ್ರ ಕಪ್ಪಿಟ್ಟಿತ್ತು.

ಅಪಘಾತದ ದಿನ ಅದೇ ಅತಿಥಿಗಳು ಮತ್ತೆ ಬಂದಿದ್ದರು. ಬೆಳಗ್ಗೆ ಅಣ್ಣ ಕ್ಯಾಂಟೀನಿನಲ್ಲಿ ನನ್ನೆದುರು ಕೂತು ನಕ್ಕಿದ್ದ. "ಇವತ್ತು ನನ್ನ ಬಾಯಿಗೆ ಬೀಗ ಕಣೇ. ಕೇಳಿದ್ರೆ ಮಾತ್ರ ಹೇಳ್ಬೇಕಂತೆ. ಮೇಲಿನ ಅಪ್ಪಣೆ. ಮನೆಗೆ ಕಾಗದ ಬರೆದಾಗ ಅಮ್ಮನಿಗೆ ಹೇಳು, ಅವಳು ನಂಬಲ್ಲ." ನಾನೂ ನಕ್ಕೆ. ಆಗ ಅದು ನಗುವ ವಿಷಯವೇ ಆಗಿತ್ತು.

ಇದನ್ನೆಲ್ಲ ಹೇಳಿದೆ. ನಿರ್ದೇಶಕರು, "ಅನಗತ್ಯ ಮಾತು ಬೇಡ ಅಂದಿದ್ದೆ, ಅಷ್ಟೇ. ಅಪಾಯ ಬಂದರೂ ಹೇಳಬಾರದು ಅಂದಿರಲಿಲ್ಲ," ಎಂದರು.

"ಅನಗತ್ಯ ಯಾವುದು ಅಂತ ಮುಂಚೆ ಹೆಂಗೆ ಗೊತ್ತಾಗುತ್ತೆ ಸಾರ್? ಕೊರ ಕೊರ ಅನ್ನೋದು ಅನಗತ್ಯ ಅಂತ ನೀವೇ ಹೇಳಿದ್ರಿ. ಅಪಾಯ ಅಂತ ಗೊತ್ತಾದ ಮೇಲೆ ಅವನಿಗೆ ಮಾತಾಡೋಕೆ ಹೊತ್ತಿರಲಿಲ್ಲ. ಅದಕ್ಕೆ ಮುಂಚೆ ಮಾತಾಡೋಕೆ ಅಪ್ಪಣೆ ಇರಲಿಲ್ಲ. ಸೂಜಿಗಳು ನಾವು ತಂತಿ ಕಟ್ಟಿದ ಕಡೆಯದ್ದನ್ನ ಮಾತ್ರ ತೋರಿಸ್ತವೆ. ಹಲ್ಲಿಗೆ ಬರೋ ನಡುಕಕ್ಕೆ ತಂತಿ ಇರೋದಿಲ್ಲ."

ಎರಡೂ ಹಾರಾಟದ ರೇಡಿಯೋ ಟೇಪುಗಳನ್ನು ಹಾಕಿ ಎಂದು ಕೇಳಿದೆ. ಅಧ್ಯಕ್ಷರು ಹಾಕಿಸಿದರು. ಮೊದಲನೆಯದರಲ್ಲಿ ಆ ಕೋಣೆಯ ತುಂಬ ಅಣ್ಣ. ಬಿಡದೆ ಮಾತಾಡುತ್ತಿದ್ದ. ನಡುವೆ ಒಂದು ಆಕಳಿಕೆ ಬಂತು, ಅದನ್ನೂ ಹೇಳಿದ. ಟೀ ತರುವವನೂ ಬಾಗಿಲಲ್ಲಿ ನಿಂತು ನಕ್ಕ. ಆಮೇಲೆ ಎರಡನೆಯ ಟೇಪು. ಬರೀ ಗಾಳಿಯ ಸದ್ದು. ನಮ್ಮ ರೂಮಿನಿಂದ ಕೇಳಿದಾಗ ಮಾತ್ರ "ಹೌದು", "ಇಲ್ಲ", "ಸರಿ". ಶಾಲೆಯಲ್ಲಿ ಬೈಸಿಕೊಂಡು ಬಂದ ಮಗುವಿನ ಥರ. ಕೊನೆಗೆ ನಮ್ಮ ಕಡೆಯಿಂದ, "ಅತಿಥಿಗಳು ಇನ್ನೊಂದು ಸುತ್ತು ನೋಡಬೇಕಂತಾರೆ," ಎಂದರು. ಅವನು "ಸರಿ" ಎಂದ. ಅಷ್ಟೇ, ಮುಂದೆ ಏನೂ ಇಲ್ಲ.

ನೀನು ಕೇಳಿದ್ದೆಯಲ್ಲ, ಕೊನೆಯಲ್ಲಿ ಏನಂದ ಎಂದು. ಸರಿ ಎಂದ, ಅಮ್ಮ.

ಅಧ್ಯಕ್ಷರು ಟೇಪು ನಿಲ್ಲಿಸಲು ಹೇಳಿ, "ಹಾಗಾದರೆ ವಿಮಾನ ಬಿದ್ದದ್ದು ಯಾಕೆ ಅಂತ ನಿಮ್ಮ ಅಭಿಪ್ರಾಯ?" ಎಂದು ಕೇಳಿದರು.

"ವಿಮಾನ ಯಾಕೆ ಬಿತ್ತು ಅಂತ ನನಗೆ ಗೊತ್ತಿಲ್ಲ ಸಾರ್. ಯಾಕೆ ಗೊತ್ತಿಲ್ಲ ಅನ್ನೋದು ಮಾತ್ರ ಗೊತ್ತು. ಹೇಳೋನ ಬಾಯಿ ಮುಚ್ಚಿಸಿದ್ರಿ, ಅದಕ್ಕೇ. 'ಅವನಿಗೆ ಗೊತ್ತಾಗಲಿಲ್ಲ' ಅಂತ ಬರೀಬೇಡಿ. 'ನಾವು ಕೇಳಿಸಿಕೊಳ್ಳಲಿಲ್ಲ' ಅಂತ ಬರೀರಿ," ಎಂದೆ. ಆಮೇಲೆ, "ನಾನೀಗ ಹೊರಗೆ ಹೋಗ್ತಿದ್ದೀನಿ," ಎಂದು ಹೇಳಿ ಹೊರಗೆ ಬಂದೆ. ಮೆಟ್ಟಿಲ ಮೇಲೆ ಕೂತು ಅತ್ತೆ. ಯಾರೂ ಹತ್ತಿರ ಬರಲಿಲ್ಲ.

ಮರಿ


ಸೆಪ್ಟೆಂಬರ್ ೧೦

ಮರಿ,

ಕಾಗದ ಓದಿ ಅಂಗಡಿ ಬಾಗಿಲು ಎಳೆದುಕೊಂಡೆ. ಬೇಕರಿಯವನು ಬಂದು ಬಾಗಿಲು ಬಡಿದ. "ಹೋಗಯ್ಯಾ, ನಾನು ಅಳ್ತಿದ್ದೀನಿ," ಎಂದು ಕೂಗಿ ಹೇಳಿದೆ. ಅವನು ಹೋದ.

ಗಿಳಿಯ ಬಾಯಲ್ಲಿ 'ಸರಿ' ಎಂಬ ಮಾತು ಒಂಟಿಯಾಗಿ ಬಂದದ್ದನ್ನು ಅವನು ಹುಟ್ಟಿದಾಗಿನಿಂದ ನಾನು ಕೇಳಿಲ್ಲ. ಸರಿ ಎಂದರೆ ಅದರ ಹಿಂದೆ ಒಂದು 'ಆದರೆ' ಇರುತ್ತಿತ್ತು. ಆ 'ಆದರೆ'ಯನ್ನು ಅವನು ನುಂಗಿಕೊಂಡು ಹೋದ. ಯಾರ ಮುಂದೆಯೋ ಆ ಯಂತ್ರ ಚೆಂದ ಕಾಣಲಿ ಎಂದು. ನಿನ್ನ ನಿರ್ದೇಶಕರು ನನ್ನ ಹೆಗಲ ಮೇಲೆ ಇಟ್ಟಿದ್ದ ಕೈ ನೆನೆದರೆ ಈ ಹೆಗಲನ್ನು ಉಜ್ಜಿ ತೊಳೆಯೋಣ ಎನ್ನಿಸುತ್ತದೆ.

ನಿನ್ನನ್ನು ಮೊಹರು ಎಂದಿದ್ದೆ. ಆ ಮಾತು ಹಿಂದಕ್ಕೆ ತೆಗೆದುಕೊಂಡೆ. ಉಳಿದ ಬೈಗುಳ ನಿನ್ನ ಹತ್ತಿರವೇ ಇರಲಿ, ಮುಂದೆ ಯಾವುದಕ್ಕಾದರೂ ಬೇಕಾಗುತ್ತದೆ.

ಅಮ್ಮ


ಅಕ್ಟೋಬರ್ ೨೬

ಅಮ್ಮ,

ವರದಿ ಬಂತು. "ಅಪಘಾತದ ಕಾರಣ ತಿಳಿದುಬಂದಿಲ್ಲ." ಅಲ್ಲಿಗೇ ಚುಕ್ಕೆ. 'ಗ್ರಹಿಸಿರಲಿಲ್ಲ' ಎಂಬ ಸಾಲನ್ನು ತೆಗೆದುಹಾಕಿದ್ದಾರೆ. ಅವನಿಗೆ ಅಪ್ಪಣೆ ಕೊಟ್ಟ ವಿಷಯವೂ ಇಲ್ಲ. ಹುಡುಕಿ ಹುಡುಕಿ ನೋಡಿದೆ, ಒಂದು ಅಡಿಟಿಪ್ಪಣಿಯಲ್ಲೂ ಇಲ್ಲ. ನಾನು ಆ ಕೋಣೆಯಲ್ಲಿ ನಿಂತು ಮಾತೇ ಆಡಿಲ್ಲವೇನೋ ಎಂಬ ಹಾಗಿದೆ.

ನನ್ನನ್ನು ಗ್ರಂಥಾಲಯಕ್ಕೆ ಹಾಕಿದ್ದಾರೆ. ಗ್ರಂಥಾಲಯದಲ್ಲಿ 'ದಯವಿಟ್ಟು ನಿಶ್ಶಬ್ದವಾಗಿರಿ' ಎಂದು ಮೂರು ಕಡೆ ಬೋರ್ಡಿದೆ. ಬೇಕೆಂದೇ ಹಾಕಿರಬೇಕು, ನಗಬೇಡ.

ಇನ್ನೊಂದು ವಿಷಯ ಕೇಳು. ಅದೇ ಮಾದರಿಯ ಎರಡನೆಯ ವಿಮಾನ ನಿನ್ನೆ ಹಾರಿತು. ಹೊಸ ಪೈಲಟ್ ಬಹಳ ಸಂಕೋಚದ ಮನುಷ್ಯ, ಊಟಕ್ಕೆ ಕೂತರೂ ತಲೆಯೆತ್ತುವುದಿಲ್ಲ. ಅವನಿಗೆ, ಕಂಡದ್ದು ಕೇಳಿದ್ದು ಎಲ್ಲವನ್ನೂ ಹೇಳುತ್ತಲೇ ಇರಬೇಕೆಂದು ಲಿಖಿತ ಆದೇಶ ಕೊಟ್ಟಿದ್ದಾರಂತೆ. ಸ್ಪೀಕರ್ ಹಾಕಿಯೇ ಇತ್ತಂತೆ. ಅತಿಥಿಗಳನ್ನು ಬೇರೆ ಕೋಣೆಯಲ್ಲಿ ಕೂರಿಸಿದ್ದರಂತೆ. ಆದೇಶಕ್ಕೆ ಸಹಿ ಹಾಕಿದವರು ಅದೇ ನಿರ್ದೇಶಕರು.

ನವೆಂಬರಿನಲ್ಲಿ ರಜೆ ಹಾಕಿ ಬರುತ್ತೇನೆ. ಮತ್ತೆ ಇಲ್ಲಿಗೆ ವಾಪಸು ಬರುತ್ತೇನೋ ಇಲ್ಲವೋ, ಬಂದ ಮೇಲೆ ಮಾತಾಡೋಣ.

ಮರಿ


ನವೆಂಬರ್ ೪

ಮರಿ,

ಆ ಅಪ್ಪಣೆಯಲ್ಲಿ ತಪ್ಪಿರಲಿಲ್ಲವಾದರೆ ತಿದ್ದಿದ್ದೇಕೆ? ಇದೊಂದು ಪ್ರಶ್ನೆಯನ್ನು ಕಾರ್ಡಿನಲ್ಲಿ ಬರೆದು ನಿನ್ನ ನಿರ್ದೇಶಕರಿಗೆ ಹಾಕಿದ್ದೇನೆ. ಕಾರ್ಡೇ ಯಾಕೆಂದರೆ ದಾರಿಯಲ್ಲಿ ನಾಲ್ಕು ಜನ ಓದಲಿ. ಉತ್ತರ ಬರುವುದಿಲ್ಲ. ತಿಂಗಳಿಗೊಂದು ಹಾಕುತ್ತೇನೆ. ನನಗೇನು, ಅಂಚೆ ಡಬ್ಬಿ ಅಂಗಡಿಯ ಎದುರಿಗೇ ಇದೆ.

ಬೇಕರಿಯವನು, "ಅರ್ಧ ಗೆದ್ರಲ್ಲಮ್ಮಾ, ಬಿಡಿ," ಎಂದ. "ಅರ್ಧ ಗಾಜು ತಂದ್ರೆ ಯಾವ ಕಿಟಕಿಗೆ ಹಾಕ್ತೀಯಪ್ಪಾ?" ಎಂದೆ. ಅವನಿಗೆ ಬೇಜಾರಾಯಿತೇನೋ, ಆಮೇಲೆ ಒಂದು ಬನ್ನು ಕಳಿಸಿಕೊಟ್ಟ. ಆ ಹೊಸ ಪೈಲಟ್‌ನ ಅಮ್ಮ ಯಾರೋ, ಎಲ್ಲಿದ್ದಾಳೋ. ಅವಳ ಮಗ ಮಾತಾಡಿಕೊಂಡು ಹೋಗಿ ಮಾತಾಡಿಕೊಂಡು ಇಳಿಯಲಿ. ಅವನಿಗೆ ಆ ಬಾಯಿ ಕೊಟ್ಟವನು ನನ್ನ ಮಗ ಎಂದು ಯಾರೂ ಅವಳಿಗೆ ಹೇಳುವುದಿಲ್ಲ. ಅದಕ್ಕೂ ನನಗೆ ಸಿಟ್ಟಿದೆ.

ನಾನು ಕಟ್ಟು ಹಾಕಿ ಕಳಿಸಿದ್ದ ಫೋಟೋ ವಾಪಸು ಬಂತು. 'ಸ್ಮಾರಕ ಕೊಠಡಿಯ ಅಳತೆಗೆ ಹೊಂದುವುದಿಲ್ಲ' ಎಂದು ಚೀಟಿ ಅಂಟಿಸಿದ್ದರು. ಗಾಜು ದಾರಿಯಲ್ಲಿ ಒಡೆದಿತ್ತು. ಬೇರೆಯದು ಹಾಕಿ ಅಂಗಡಿಯಲ್ಲಿ ಬಾಗಿಲಿಗೆ ಎದುರಾಗಿ ತೂಗುಹಾಕಿದ್ದೇನೆ. ಬಂದವರ ಕಣ್ಣು ಮೊದಲು ಅದರ ಮೇಲೇ ಬೀಳುತ್ತದೆ. ಮೊನ್ನೆ ಕನ್ನಡಿಗೆ ಕಟ್ಟು ಹಾಕಿಸಲು ಬಂದ ಹೆಂಗಸು ಅದನ್ನೇ ನೋಡುತ್ತ ನಿಂತು, "ಇವರು ಏನೋ ಹೇಳ್ತಿದ್ದಾರಲ್ಲಮ್ಮಾ, ಏನದು?" ಎಂದು ಕೇಳಿದಳು.

"ಗೊತ್ತಿಲ್ಲಮ್ಮಾ," ಎಂದೆ. "ಹೇಳೋಕೆ ಬಿಡಲಿಲ್ಲ."

ನೀನು ಬರುವ ದಿನ ಅಂಗಡಿ ಮುಚ್ಚುವುದಿಲ್ಲ, ನೇರ ಇಲ್ಲಿಗೇ ಬಾ. ಹಾದಿಯ ತುಂಬ ಗಾಜು ಒರಗಿಸಿಟ್ಟಿದ್ದೇನೆ. ಬೀದಿಯ ತಿರುವಿನಲ್ಲೇ ಶುರು ಮಾಡು. ಬಂದೆ ಅನ್ನು, ಮೆಟ್ಟಿಲು ಹತ್ತುತ್ತಿದ್ದೇನೆ ಅನ್ನು, ಚೀಲ ಕೆಳಗಿಡುತ್ತಿದ್ದೇನೆ ಅನ್ನು. ನನ್ನ ಕಣ್ಣು ಚೆನ್ನಾಗಿಯೇ ಇದೆ, ನೀನು ಬರುವುದು ನನಗೆ ಕಾಣುತ್ತದೆ. ಆದರೂ ಹೇಳಿಕೊಂಡು ಬಾ.

ನಿನ್ನ,
ಅಮ್ಮ